ಅಣ್ಣನಿಗೆ ಇವತ್ತು ರಜೆ

ಸೋಮವಾರ, ತಾರೀಖು ಹದಿನಾಲ್ಕು
ಲಾಂಡ್ರಿಯ ಹಿಂದಿನ ಕೋಣೆಯಿಂದ

ನನ್ನ ಮಾತು ಎಂದೂ ಮೀರದ ಮಗಳಿಗೆ,

ಅಮ್ಮನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ ಅಂತ ಬರೆಯುವುದು ವಾಡಿಕೆ. ಈ ಕಾಗದದಲ್ಲಿ ವಾಡಿಕೆಯ ಸುಳ್ಳೂ ಬೇಡ. ಮಂಡಿ ನೋಯುತ್ತದೆ, ಬಾಯ್ಲರ್ ಸೋರುತ್ತದೆ, ನಿನ್ನ ಅಣ್ಣ ಜೈಲಿನಲ್ಲಿದ್ದಾನೆ. ಇದರಲ್ಲಿ ಯಾವುದಕ್ಕೂ ನಿನ್ನ ಮರುಕ ಬೇಕಾಗಿಲ್ಲ.

ಗುರುವಾರ ಕಳೆಯುವ ತನಕ ಈ ಕಾಗದ ನಿನ್ನ ಕೈಗೆ ಬರುವುದಿಲ್ಲ. ಬರಬಾರದು. ಅವತ್ತು ನೀನು ಕೋರ್ಟಿನ ಡಾಕ್ಟರಮ್ಮನ ಮುಂದೆ ಕೂರುತ್ತೀಯ. ಆಕೆ ನಿನ್ನನ್ನು ಒಂದು ಪ್ರಶ್ನೆ ಕೇಳುತ್ತಾಳೆ. ನಿನ್ನ ಅಣ್ಣ ಆಸ್ಪತ್ರೆಗೆ ಹೋಗುತ್ತಾನೋ, ಹತ್ತು ವರ್ಷ ಜೈಲಿನಲ್ಲೇ ಕೊಳೆಯುತ್ತಾನೋ ಅನ್ನುವುದು ನಿನ್ನ ಉತ್ತರದ ಮೇಲೆ ನಿಂತಿದೆ. ಆ ಉತ್ತರವನ್ನು ನಾನು ನಿನಗೆ ಹೇಳಿಕೊಡುವ ಹಾಗಿಲ್ಲ. ಹುಟ್ಟಿದಾಗಿನಿಂದ ನಿಮಗೆ ಹೇಳಿಕೊಡುವುದೇ ನನ್ನ ಕೆಲಸವಾಗಿತ್ತು, ಈಗ ಬಾಯಿಗೆ ಬೀಗ. ಬರೆಯುತ್ತಾ ಕೂರದಿದ್ದರೆ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಡೆದದ್ದನ್ನು ನಿನಗೆ ಅರ್ಧ ಹೇಳಿದ್ದೆ. ಕರೆಂಟಿನ ಮೀಟರ್ ನೋಡಲು ಬಂದವನಿಗೂ ಅಣ್ಣನಿಗೂ ಜಗಳವಾಯಿತು, ಕೈ ಕೈ ಮಿಲಾಯಿಸಿದರು ಅಂತ. ಜಗಳ ಆಗಲಿಲ್ಲ. ಒಂದು ಮಾತೂ ಆಗಲಿಲ್ಲ. ಸೋಪಿನ ಕೋಣೆಯ ಕತ್ತಲಲ್ಲಿ ನಿನ್ನ ಅಣ್ಣ, ನೆನೆಸಿದ ಬಟ್ಟೆ ಎತ್ತುವ ಕಬ್ಬಿಣದ ಕೋಲಿನಿಂದ ಅವನ ಮುಖಕ್ಕೆ ಹೊಡೆದ. ಎಡಗಣ್ಣು ಹೋಯಿತು. ಹೆಂಡತಿ ಮಕ್ಕಳಿರುವ ಮನುಷ್ಯ. ಇದೇ ಓಣಿಯಲ್ಲಿ ಮನೆಮನೆಗೆ ಹೋಗಿ ಮೀಟರ್ ಓದಿಕೊಂಡು, ಕೊಟ್ಟ ನೀರು ಕುಡಿದು, ಬರ್ತೀನಮ್ಮ ಅಂತ ಹೋಗುತ್ತಿದ್ದವನು. ಅವನ ಹೆಂಡತಿ ಕೋರ್ಟಿನ ಮೆಟ್ಟಿಲಲ್ಲಿ ಎದುರು ಸಿಕ್ಕರೆ ತಲೆ ತಗ್ಗಿಸುವುದು ನಾನು, ಅವಳಲ್ಲ. ನಾನು ತಲೆ ತಗ್ಗಿಸಿದ್ದನ್ನು ನೀನು ನೋಡಿಲ್ಲ. ನೋಡುವುದೂ ಬೇಡ.

ಈಗ ಆ ಮಾತಿಗೆ ಬರುತ್ತೇನೆ. ರಜೆ ಅನ್ನುವ ಮಾತು ನಮ್ಮ ಮನೆಗೆ ಹೇಗೆ ಬಂತು ಅಂತ ನಿನಗೆ ನೆನಪಿದೆಯೋ ಇಲ್ಲವೋ. ಅಣ್ಣನಿಗೆ ಹತ್ತೊಂಬತ್ತು, ನಿನಗೆ ಹನ್ನೊಂದು. ನಿಮ್ಮ ಅಪ್ಪ ತೀರಿಕೊಂಡು ಲಾಂಡ್ರಿ ನನ್ನ ತಲೆಗೆ ಬಿದ್ದಿದ್ದ ಕಾಲ. ಒಂದು ಬೆಳಿಗ್ಗೆ ಅವನು ಹಾಸಿಗೆ ಬಿಟ್ಟು ಏಳಲಿಲ್ಲ. ಹೋಗಿ ನೋಡಿದರೆ ಗೋಡೆಯ ಕಡೆ ಮುಖ ಮಾಡಿಕೊಂಡು ಮೆತ್ತಗೆ ಉತ್ತರ ಕೊಡುತ್ತಿದ್ದ. ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ. ನಾನು ಬಾಗಿಲು ಎಳೆದುಕೊಂಡು ಕೆಳಗೆ ಬಂದೆ. ಇಸ್ತ್ರಿಯವಳು, ದೊರೆ ಎಲ್ಲಿ ಅಮ್ಮಾ, ಇನ್ನೂ ಎದ್ದಿಲ್ವಾ ಅಂದಳು. ಅವನ ನಡಿಗೆಯ ಗತ್ತು ನೋಡಿ ದೊರೆ ಅಂತ ಹೆಸರು ಇಟ್ಟವಳೇ ಅವಳು. ಎದುರಿಗೇ ಹಾಜರಿ ಹಾಕುವ ಕಪ್ಪು ಹಲಗೆ ಇತ್ತು. ಸೀಮೆಸುಣ್ಣ ತೆಗೆದುಕೊಂಡು ಅವನ ಹೆಸರಿನ ಮುಂದೆ ರಜೆ ಅಂತ ಬರೆದೆ. ಅವಳು ಇನ್ನೊಂದು ಮಾತು ಕೇಳಲಿಲ್ಲ. ಕಾಯಿಲೆ ಅಂದರೆ ನೂರು ಜನ ನೂರು ಔಷಧಿ ಹೇಳುತ್ತಾರೆ, ನೂರು ಕಡೆ ಆಡಿಕೊಳ್ಳುತ್ತಾರೆ. ರಜೆ ಅಂದರೆ ಮಾತು ಅಲ್ಲಿಗೆ ಮುಗಿಯಿತು. ಎಂಥ ಮರ್ಯಾದಸ್ಥ ಮಾತು ಸಿಕ್ಕಿತು ಅಂತ ಅವತ್ತು ನನಗೆ ಹೆಮ್ಮೆಯೇ ಆಗಿತ್ತು.

ಆಮೇಲೆ ಅವನಿಗೂ ಅದೇ ಮಾತಾಯಿತು. ತಲೆಯೊಳಗೆ ಆ ಗಲಾಟೆ ಶುರುವಾಗುವ ಸುಳಿವು ಸಿಕ್ಕರೆ ತಾನೇ ಬಂದು, ಅಮ್ಮಾ, ನಾಳೆ ನಂಗೆ ರಜೆ ಬೇಕಾಗುತ್ತೆ ಅನ್ನುತ್ತಿದ್ದ. ತಗೋ ಅನ್ನುತ್ತಿದ್ದೆ. ಸೋಪಿನ ಕೋಣೆಯ ಮೂಟೆಗಳ ಹಿಂದೆ, ಕಿವಿಗೆ ಹತ್ತಿ ತುರುಕಿಕೊಂಡು ಕೂರುತ್ತಿದ್ದ. ಊಟದ ತಟ್ಟೆಯನ್ನು ಬಾಗಿಲಲ್ಲಿ ಇಟ್ಟು ಬರುತ್ತಿದ್ದೆ. ಕೆಲವು ದಿನಕ್ಕೆ ತಾನೇ ಎದ್ದು ಬಂದು, ಮುಖ ತೊಳೆದು, ಇಸ್ತ್ರಿ ಮೇಜಿನ ಮುಂದೆ ನಿಲ್ಲುತ್ತಿದ್ದ. ಅವನು ಮಡಿಸಿದ ಬೆಡ್‌ಶೀಟಿನ ಅಂಚಿಗೆ ಅಂಚು ಕೂಡುತ್ತಿತ್ತು, ಕತ್ತರಿಸಿ ಅಂಟಿಸಿದ ಹಾಗೆ. ಆಸ್ಪತ್ರೆಯವರು ನಮಗೇ ಬಟ್ಟೆ ಕಳಿಸುತ್ತಿದ್ದುದು ಅವನ ಕೈ ನೋಡಿ. ಇಂಥವನಿಗೆ ಹುಚ್ಚು ಅನ್ನಲು ನನ್ನ ನಾಲಿಗೆ ಏಳುತ್ತದೆಯೇ? ಅದೇ ಆಸ್ಪತ್ರೆಗೆ ವಾರವಾರ ಬಟ್ಟೆಯ ಗಂಟು ಕಳಿಸಿದೆ, ಮಗನನ್ನು ಒಂದು ದಿನ ಕಳಿಸಲಿಲ್ಲ.

ಕೋರ್ಟು ಅವನನ್ನು ಪರೀಕ್ಷೆಗೆ ಹಾಕಿತು. ಹೊಡೆಯುವಾಗ ಮನಸ್ಸು ಸ್ವಾಧೀನದಲ್ಲಿತ್ತೋ ಇಲ್ಲವೋ ಅಂತ ನೋಡುವ ಪರೀಕ್ಷೆ. ಡಾಕ್ಟರಮ್ಮ ಅಂದೆನಲ್ಲ, ಆಕೆ ಔಷಧಿ ಕೊಡುವವಳಲ್ಲ. ಮನಸ್ಸು ಅಳೆದು ಕೋರ್ಟಿಗೆ ಬರೆದು ಕೊಡುವವಳು. ನಿನ್ನ ವಯಸ್ಸಿರಬಹುದು. ಎದುರಿಗೆ ನೀವು ಅಂದೆ, ಇಲ್ಲಿ ಬಹುವಚನ ಕೊಡಲು ಮನಸ್ಸು ಬರುತ್ತಿಲ್ಲ. ಕೋರ್ಟಿನ ಹಿಂದೆ, ಸ್ಕೂಟರ್ ನಿಲ್ಲಿಸುವ ಜಾಗಕ್ಕೆ ಕಿಟಕಿ ಇರುವ ಸಣ್ಣ ಕೋಣೆ ಆಕೆಯದು. ಎರಡು ಕುರ್ಚಿ, ಒಂದು ಮೇಜು. ಕಿಟಕಿಯ ಪರದೆ ಸೋಪು ಕಂಡು ವರ್ಷವಾಗಿರಬೇಕು. ಅಂಥ ಪರದೆ ಕಟ್ಟಿಕೊಂಡವಳಿಗೆ ಮನಸ್ಸಿನ ಕೊಳೆ ಕಾಣುತ್ತದಂತೆ ಅಂದುಕೊಂಡೆ ನಾನು.

ಮೊದಲು ಅವನನ್ನು ಕೂರಿಸಿಕೊಂಡು ಕೇಳಿದ್ದಾಳೆ. ಬೇರೆಯವರಿಗೆ ಕೇಳಿಸದ ದನಿ ನಿನಗೆ ಕೇಳಿಸುತ್ತಾ? ಇಲ್ಲ. ಯಾರಾದರೂ ನಿನಗೆ ಕೇಡು ಬಗೆಯುತ್ತಾರೆ ಅನ್ನಿಸುತ್ತಾ? ಇಲ್ಲ. ಎಂದಾದರೂ ಮನಸ್ಸಿಗೆ ಚಿಕಿತ್ಸೆ ತೆಗೆದುಕೊಂಡಿದ್ದೀಯಾ? ಇಲ್ಲ, ನಮ್ಮನೇಲಿ ಅಂಥದ್ದೇನೂ ಇಲ್ಲ. ಹೊರಗಿನವರು ಕೇಳಿದರೆ ಹೀಗೇ ಹೇಳಬೇಕು ಅಂತ ಕಲಿಸಿದವಳು ನಾನು. ಅಕ್ಷರ ತಪ್ಪದೆ ಒಪ್ಪಿಸಿದ್ದಾನೆ. ಮಸಿ ಚೆಲ್ಲಿದ ಚಿತ್ರ ತೋರಿಸಿ ಇದು ಏನು ಕಾಣುತ್ತೆ ಅಂದರೆ, ಮಸಿ ಕಲೆ, ನಿಂಬೆಹಣ್ಣು ಹಾಕಿ ತಕ್ಷಣ ಉಜ್ಜಬೇಕಿತ್ತು, ಈಗ ಹೋಗಲ್ಲ ಅಂದನಂತೆ. ಲಾಯರು ಇದನ್ನು ಓದಿ ಹೇಳಿದಾಗ ನನಗೆ ನಗು ಬಂತು. ಎಷ್ಟಾದರೂ ನನ್ನ ಮಗ. ಡಾಕ್ಟರಮ್ಮ ಅದರ ಕೆಳಗೆ, ಹಾಸ್ಯಪ್ರಜ್ಞೆ ಇದೆ, ಉತ್ತರಗಳು ಸುಸಂಬದ್ಧ ಅಂತ ಬರೆದಿದ್ದಾಳೆ.

ಅವತ್ತು ಸೋಪಿನ ಕೋಣೆಯಲ್ಲಿ ಏನು ಮಾಡುತ್ತಿದ್ದೆ ಅಂತ ಕೊನೆಗೆ ಕೇಳಿದಳಂತೆ. ಇವನು, ಅವತ್ತು ನನಗೆ ರಜೆ ಇತ್ತು ಅಂದ. ಯಾವಾಗ ತಗೊಂಡೆ ರಜೆ? ಎರಡು ದಿನ ಮೊದಲೇ ಅಮ್ಮನ್ನ ಕೇಳಿದ್ದೆ. ಯಾಕೆ? ಮೀಟರ್ ಓದೋನು ಅವತ್ತು ಬರ್ತಾನೆ, ಅದಕ್ಕೆ.

ಗೊತ್ತಾಯಿತೇ ನಿನಗೆ? ಅವನು ನಿಜ ಹೇಳಿದ. ತನಗೆ ಗೊತ್ತಿದ್ದ ಒಂದೇ ಮಾತಿನಲ್ಲಿ, ನಾನು ಕೊಟ್ಟ ಮಾತಿನಲ್ಲಿ, ನನಗೆ ಅವತ್ತು ಹುಷಾರಿರಲಿಲ್ಲ, ಮೀಟರಿನವನು ಬರುತ್ತಾನೆ ಅಂತ ಭಯವಾಗಿತ್ತು, ಬಚ್ಚಿಟ್ಟುಕೊಂಡಿದ್ದೆ ಅಂದ. ಆಕೆಗೆ ಕೇಳಿಸಿದ್ದು ಬೇರೆ. ಮೀಟರಿನವನು ಬರುವ ದಿನ ನೋಡಿ, ಮುಂಚಿತವಾಗಿ ಕೆಲಸಕ್ಕೆ ರಜೆ ಹಾಕಿ, ಮೀಟರ್ ಇರುವ ಕೋಣೆಯಲ್ಲೇ ಕೋಲು ಹಿಡಿದು ಕಾದಿದ್ದಾನೆ ಅಂತ. ಆಕೆಯನ್ನು ಬೈಯಬೇಕು ಅಂತ ಎಷ್ಟು ಪ್ರಯತ್ನಪಟ್ಟೆ. ಬೈಯಲು ಜಾಗ ಸಿಗಲಿಲ್ಲ. ಕನ್ನಡ ಬಲ್ಲ ಯಾರಿಗೇ ಆಗಲಿ ರಜೆ ಅಂದರೆ ರಜೆ ತಾನೆ?

ಅಲ್ಲದೆ ಆಕೆ ಒಬ್ಬನ ಮಾತು ನಂಬಿ ಬರೆದುಬಿಡಲಿಲ್ಲ. ಲಾಂಡ್ರಿಗೆ ಬಂದಳು. ಇಸ್ತ್ರಿಯವಳು, ಹೌದು, ದೊರೆ ಅವತ್ತು ರಜೆ ಅಂದಳು. ಹಲಗೆಯ ಮೇಲೆ ನನ್ನ ಅಕ್ಷರದಲ್ಲೇ ರಜೆ ಅಂತ ಇನ್ನೂ ಅಳಿಸದೆ ಇತ್ತು. ನನ್ನನ್ನು ಕೇಳಿದಳು. ನಿಮ್ಮ ಮಗ ತುಂಬಾ ರಜೆ ಹಾಕ್ತಾರಂತಲ್ಲ, ಯಾಕಮ್ಮಾ ಅಂದಳು. ಒಳ್ಳೆಯ ದನಿಯಲ್ಲೇ ಕೇಳಿದಳು. ಬಾಗಿಲು ತೆರೆದು ಹಿಡಿದ ಹಾಗೆ ಇತ್ತು ಅಂತ ಈಗ ಅನ್ನಿಸುತ್ತದೆ. ನಾನು ಸೆಟೆದು ಕೂತು, ಯಜಮಾನರ ಮಗ, ರಜೆ ಹಾಕಬಾರದಾ, ಸರ್ಕಾರದವರು ಮಾತ್ರ ಹಾಕಬೇಕಾ ಅಂದೆ. ಅವರಿಗೆ ಎಂದಾದರೂ ಮನಸ್ಸಿಗೆ ತೊಂದರೆ ಏನಾದರೂ ಅಂದಳು. ನಮ್ಮ ಮನೆತನ ಅಂಥದ್ದಲ್ಲ ಅಂತ ಹೇಳಿ, ಬರೆದುಕೊಂಡದ್ದರ ಕೆಳಗೆ ರುಜು ಹಾಕಿದೆ. ನನ್ನ ರುಜು ನಿನಗೆ ಗೊತ್ತಲ್ಲ, ಒಂದು ಅಕ್ಷರವೂ ಅಲುಗುವುದಿಲ್ಲ.

ವರದಿ ಬಂದ ದಿನ ಲಾಯರು ಕರೆಸಿದರು. ನಿಮ್ಮ ಮಗನ ಮನಸ್ಸು ಸರಿಯಾಗಿದೆ ಅಂತ ಬರೆದಿದ್ದಾರೆ ಅಂದರು. ನನಗೆ ಏನನ್ನಿಸಿತು ಗೊತ್ತೇ? ಸಂತೋಷ. ನಿಜವಾಗಿ ಸಂತೋಷವಾಯಿತು. ಇಷ್ಟು ವರ್ಷ ನಾನು ಹೇಳುತ್ತಾ ಬಂದದ್ದನ್ನು ಈಗ ಸರ್ಕಾರದ ಮೊಹರು ಹಾಕಿ ಹೇಳಿದ್ದಾರೆ, ಓಣಿಯವರ ಬಾಯಿ ಮುಚ್ಚಿಸಬಹುದು ಅನ್ನಿಸಿತು. ನೋಡಿದ್ರಾ, ನಾನು ಹೇಳಿರಲಿಲ್ವಾ ಅಂದೆ. ಲಾಯರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಅಮ್ಮಾ, ಸ್ವಲ್ಪ ಕೂತ್ಕೊಳಿ, ಇದು ಸಿಹಿ ಹಂಚೋ ಸುದ್ದಿ ಅಲ್ಲ ಅಂದರು. ಮನಸ್ಸು ಸರಿ ಇಲ್ಲ ಅಂತ ಬಂದಿದ್ದರೆ ಆಸ್ಪತ್ರೆ, ಸರಿ ಇದೆ ಅಂತ ಬಂದರೆ ಜೈಲು, ಅದೂ ಯೋಜನೆ ಮಾಡಿ ಹೊಡೆದ ಲೆಕ್ಕದಲ್ಲಿ ಅಂದರು. ಕಾಪಾಡಿದ ಮರ್ಯಾದೆ ಕೊರಳಿಗೆ ಸುತ್ತಿಕೊಂಡಿತು.

ಮಾರನೆಯ ದಿನ ನಾನೇ ಆ ಕೋಣೆಗೆ ಹೋದೆ. ಯಾರೂ ಕರೆಯದೆ ಒಬ್ಬರ ಬಾಗಿಲಿಗೆ ಹೋಗಿ ನಿಂತವಳಲ್ಲ ನಾನು. ಹೋದೆ. ಗೋಡೆಯ ಜೊತೆ ಮಾತಾಡಿದ್ದು, ಕಿವಿಗೆ ಹತ್ತಿ, ಮೂಟೆಗಳ ಹಿಂದೆ ತಟ್ಟೆ, ಎಲ್ಲ ಹೇಳಿದೆ. ರಜೆ ಅಂದರೆ ನಮ್ಮ ಮನೆಯಲ್ಲಿ ಏನು ಅಂತ ಹೇಳಿದೆ. ಡಾಕ್ಟರಮ್ಮ ಪೂರ್ತಿ ಕೇಳಿದಳು, ಮಧ್ಯೆ ಬಾಯಿ ಹಾಕಲಿಲ್ಲ. ಆಮೇಲೆ ನಾನು ರುಜು ಹಾಕಿದ ಹಾಳೆ ತೆಗೆದು ಮುಂದೆ ಇಟ್ಟಳು. ಅಮ್ಮಾ, ಅವತ್ತು ಹೀಗೆ ಹೇಳಿದ್ರಿ, ಇವತ್ತು ಹಾಗೆ ಹೇಳ್ತಿದೀರಿ, ಮಧ್ಯದಲ್ಲಿ ನನ್ನ ವರದಿ ಬಂದಿದೆ, ನಾನು ಯಾವುದನ್ನ ನಂಬಲಿ ಅಂದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಆಕೆ ಅನ್ನಲಿಲ್ಲ. ನನಗೆ ಕೇಳಿಸಿತು.

ಜೀವಮಾನದಲ್ಲಿ ಒಂದು ಗಿರಾಕಿ ನನ್ನ ಮಾತು ಸುಳ್ಳು ಅಂದಿಲ್ಲ. ಸುಳ್ಳು ಹೇಳಿದಾಗ ಜಗತ್ತು ನಂಬಿತು, ನಿಜ ಹೇಳಿದಾಗ ಹಾಳೆ ತೋರಿಸಿತು.

ಇಸ್ತ್ರಿಯವಳನ್ನು ಕರೆಸಿ ಕೇಳಿ, ಅವಳಿಗೆ ಎಲ್ಲ ಗೊತ್ತು ಅಂದೆ. ಅವಳು ನಿಮ್ಮ ಸಂಬಳ ತಗೊಳ್ಳೋಳು, ಅವಳ ಮಾತಿಗೆ ತೂಕ ಇರಲ್ಲ ಅಂದಳು ಡಾಕ್ಟರಮ್ಮ. ಆಮೇಲೆ, ಆ ಮನೇಲಿ ಬೆಳೆದು ಈಗ ನಿಮ್ಮ ಕೈಕೆಳಗೆ ಇಲ್ಲದೋರು ಯಾರಾದ್ರೂ ಇದಾರಾ ಅಂದಳು. ಮಗಳು ಅಂದೆ. ಹಾಗಾದ್ರೆ ಅವರನ್ನ ಒಂದೇ ಪ್ರಶ್ನೆ ಕೇಳ್ತೀನಿ, ನಿಮ್ಮ ಮನೇಲಿ ರಜೆ ಅಂದ್ರೆ ಏನು ಅಂತ. ಅವರಾಗೇ ನೀವು ಈಗ ಹೇಳಿದ್ದನ್ನ ಹೇಳಿದ್ರೆ, ವರದಿ ತಿದ್ದಿ ಬರೀತೀನಿ, ಅದು ನನ್ನ ಜವಾಬ್ದಾರಿ. ಆದ್ರೆ ಅಲ್ಲೀವರೆಗೆ ನೀವು ಅವರ ಹತ್ರ ಈ ವಿಷಯ ಎತ್ತಬಾರದು. ಅಮ್ಮ ಏನಾದ್ರೂ ಹೇಳಿಕೊಟ್ರಾ ಅಂತಾನೂ ಕೇಳ್ತೀನಿ. ಹೇಳಿಕೊಟ್ಟದ್ದು ಗೊತ್ತಾದ್ರೆ, ಅಥವಾ ಅವರೂ ನಿಮ್ಮ ಹಾಗೆ ಒಂದು ಹೇಳಿ ಆಮೇಲೆ ಬದಲಾಯಿಸಿದ್ರೆ, ಮತ್ತೆ ನನ್ನ ಕೈಯಲ್ಲಿ ಏನೂ ಇರಲ್ಲ ಅಂದಳು. ಆಗಲಿ ಅಂತ ಮಾತು ಕೊಟ್ಟು ಬಂದೆ.

ಮಾತು ಕೊಟ್ಟದ್ದಕ್ಕೇ ಸುಮ್ಮನಿದ್ದೇನೆ ಅಂದುಕೊಳ್ಳಬೇಡ. ಮಗನ ಪ್ರಾಣದ ಮುಂದೆ ಮಾತು ಯಾವ ಲೆಕ್ಕ. ನಿನ್ನ ಕಿವಿಗೆ ಹೆದರಿ ಸುಮ್ಮನಿದ್ದೇನೆ. ಸುಳ್ಳು ಹೇಳಿದರೆ ನಿನ್ನ ಕಿವಿ ಕೆಂಪಗಾಗುತ್ತದೆ, ತೊಟ್ಟಿಲಿನಿಂದ ಬಂದ ಗುಣ. ಅಮ್ಮ ಏನಾದರೂ ಹೇಳಿಕೊಟ್ಟಳೇ ಅಂದರೆ ನಿನ್ನ ಬಾಯಿ ಇಲ್ಲ ಅಂದೀತು, ಕಿವಿ ಹೌದು ಅನ್ನುತ್ತದೆ. ಮನಸ್ಸು ಅಳೆಯುವವಳಿಗೆ ಅಷ್ಟು ಸಾಕು.

ಮೂರು ರಾತ್ರಿಯಿಂದ ನನ್ನ ಕಣ್ಣ ಮುಂದೆ ಬರುತ್ತಿರುವುದು ಜೈಲೂ ಅಲ್ಲ, ಕೋರ್ಟೂ ಅಲ್ಲ, ನಮ್ಮ ನಡುಮನೆಯ ಕನ್ನಡಿ. ನಿನಗೆ ನೆನಪಿರಲೇಬೇಕು. ನಿಮ್ಮ ಸ್ಕೂಲಿನ ಟೀಚರು ಬಟ್ಟೆ ಕೊಡಲು ಬಂದವರು, ನಿಮ್ಮಣ್ಣ ಎಲ್ಲಿ ಕಾಣಿಸ್ತಾನೇ ಇಲ್ಲ ಅಂತ ನಿನ್ನನ್ನು ಕೇಳಿದರು. ನೀನು, ಅಣ್ಣ ಗೋಡೆ ಹತ್ರ ಮಾತಾಡ್ತಿದಾನೆ ಅಂದುಬಿಟ್ಟೆ. ಅವರು ಹೋದ ಮೇಲೆ ಒದ್ದೆ ಕೈಯಲ್ಲೇ ನಿನ್ನ ಕೆನ್ನೆಗೆ ಹೊಡೆದೆ, ಸೋಪಿನ ನೊರೆ ನಿನ್ನ ಕಣ್ಣಿಗೆ ಹೋಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಗಾದೆ ಬೇರೆ ಹೇಳಿದೆ. ಆಮೇಲೆ ಕನ್ನಡಿಯ ಮುಂದೆ ನಿಲ್ಲಿಸಿ, ಅಣ್ಣನಿಗೆ ಇವತ್ತು ರಜೆ, ಹೇಳು ಅಂದೆ. ನೀನು ಹೇಳಿದೆ, ಕಿವಿ ಕೆಂಪಾಯಿತು. ಮತ್ತೆ ಹೇಳು. ಮತ್ತೆ ಕೆಂಪು. ಕಿವಿ ಕೆಂಪಾಗದೆ ಆ ಮಾತು ಬರುವ ತನಕ ನಿನ್ನನ್ನು ಅಲ್ಲಿಂದ ಬಿಡಲಿಲ್ಲ. ಬಂದ ಮೇಲೆ, ಜಾಣೆ ಅಂತ ತಲೆ ಸವರಿದೆ. ನೀನು ಎಷ್ಟು ಹಿಗ್ಗಿದೆ ಅಂದರೆ, ಸಂಜೆಯವರೆಗೂ ಬಂದ ಬಂದ ಗಿರಾಕಿಗೆಲ್ಲ ಅವರು ಕೇಳದಿದ್ದರೂ, ನಮ್ಮಣ್ಣಂಗೆ ಇವತ್ತು ರಜೆ ಅಂತ ಹೇಳುತ್ತಿದ್ದೆ.

ನಿನ್ನ ಮದುವೆಯ ಮುಂಚೆ ನೀನು, ಅಮ್ಮಾ, ಇವರಿಗಾದ್ರೂ ಅಣ್ಣನ ವಿಷಯ ಹೇಳಲಾ ಅಂತ ಒಂದು ಸಲ ಕೇಳಿದ್ದೆ. ಅಣ್ಣನ ಯಾವ ವಿಷಯ ಅಂತ ನಾನು ನಿನ್ನನ್ನೇ ಕೇಳಿದೆ. ನೀನು ಮತ್ತೆ ಎತ್ತಲಿಲ್ಲ. ಅಳಿಯಂದಿರಿಗೆ ಇವತ್ತಿಗೂ ಗೊತ್ತಿಲ್ಲ. ನಿನ್ನ ಅತ್ತೆಗೆ ಗೊತ್ತಾದರೆ ಏನಾದೀತು ಅನ್ನುವ ಭಯ ನಿನಗಿದೆ. ಆ ಭಯವನ್ನೂ ನಾನೇ ಬಿತ್ತಿ, ನೀರು ಹಾಕಿದ್ದು. ಗಿಡವಾಗಿದ್ದಾಗ ಬಗ್ಗಿಸಿದ್ದನ್ನು ಈಗ ನೆಟ್ಟಗಾಗು ಅಂತ ಬೇಡುತ್ತಿದ್ದೇನೆ, ಅದೂ ನಿನಗೆ ಕೇಳಿಸದ ಹಾಗೆ.

ಇನ್ನೊಂದು ಇದೆ. ಡಾಕ್ಟರಮ್ಮನಿಗೂ ಹೇಳಿಲ್ಲ. ಮೀಟರ್ ಓದುವವನು ತನ್ನನ್ನು ಓದುತ್ತಾನೆ ಅಂತ ನಿನ್ನ ಅಣ್ಣ ನನಗೆ ಮೊದಲೇ ಹೇಳಿದ್ದ. ಅಮ್ಮಾ, ಅವನು ಟಾರ್ಚ್ ಬಿಟ್ಟು ನನ್ನ ತಲೆ ಒಳಗೆ ನೋಡಿ ಬರ್ಕೊಂಡು ಹೋಗ್ತಾನೆ ಅಂದಿದ್ದ. ಓದಿಕೊಳ್ಳಲಿ ಬಿಡೋ, ನಿನ್ನ ತಲೇಲಿ ಓದೋಕೇನಿದೆ, ಖಾಲಿ ಪುಸ್ತಕ ಅಂದೆ. ಅವನೂ ನಕ್ಕ. ಆ ದಿನ ಮೀಟರಿನವನು ಬಂದು, ಅಮ್ಮಾ, ಒಳಗೆ ಹೋಗಬಹುದಾ ಅಂದಾಗ ನಾನು ಗಲ್ಲಾದಲ್ಲಿ ಕೂತಿದ್ದೆ. ಬೇಡ ಅನ್ನಬೇಕಿತ್ತು. ಬೇಡ ಅಂದರೆ ಯಾಕೆ ಅನ್ನುತ್ತಾನೆ. ಹೋಗಪ್ಪ, ಅಲ್ಲಿ ಯಾರಿಲ್ಲ ಅಂದೆ.

ಯಾರಿಲ್ಲ ಅಂದೆ.

ಶನಿವಾರ ಜೈಲಿಗೆ ಹೋಗಿದ್ದೆ. ಇಳಿದುಹೋಗಿದ್ದಾನೆ. ಅಂಗಿಯ ಕೊಳೆ ಹಿಡಿದ ಕಾಲರ್ ನೋಡಿ ನನಗೆ ಅಳು ಬಂತು, ಮುಖ ನೋಡಿ ಬರಲಿಲ್ಲ. ಮುಖ ನಗುತ್ತಿತ್ತು. ಕಂಬಿಯ ಹತ್ತಿರ ಬಂದು, ಯಾರಿಗೂ ಕೇಳಿಸಬಾರದು ಅನ್ನುವ ಹಾಗೆ ಅತ್ತಿತ್ತ ನೋಡಿ, ಅಮ್ಮಾ, ಇಲ್ಲಿ ಎಷ್ಟು ಕೇಳಿದ್ರೂ ರಜೆ ಕೊಡಲ್ಲ ಅಂದ. ಕಿವಿಗೆ ಹತ್ತಿ ಕೊಡು ಅಂದ. ಹತ್ತಿ ಒಳಗೆ ಬಿಡುವುದಿಲ್ಲವಂತೆ. ಸೆರಗಿನ ಅಂಚು ಹರಿದು ಕೊಡಲು ಹೋದೆ, ಕಾವಲಿನವನು ಕೈ ಅಡ್ಡ ಹಿಡಿದ.

ಮಗಳೇ, ಹುಟ್ಟಿದ ಮೇಲೆ ನೀನು ನನ್ನ ಮಾತು ಮೀರಿಲ್ಲ. ಅಕ್ಕಪಕ್ಕದವರ ಮುಂದೆ ಅದನ್ನೇ ಹೇಳಿಕೊಂಡು ಬೀಗಿದವಳು ನಾನು. ಗುರುವಾರ ಆ ಕೊಳೆಯ ಪರದೆಯ ಕೋಣೆಯಲ್ಲಿ ಒಂದು ಸಲ ಮೀರು. ಅಮ್ಮನ ಮರ್ಯಾದೆ ತೆಗೆ. ಅಣ್ಣ ಗೋಡೆ ಹತ್ರ ಮಾತಾಡ್ತಾನೆ ಅನ್ನು, ಹನ್ನೊಂದು ವರ್ಷದವಳು ಅಂದ ಹಾಗೆ. ಈ ಸಲ ಕೈ ಒಣಗಿದೆ. ಹೊಡೆಯುವುದಿಲ್ಲ.

ನಿನಗೆ ಹೇಳಲಾಗದ್ದನ್ನು ಹೇಳಿ ಮುಗಿಸಿದ,
ನಿನ್ನ ಅಮ್ಮ

ತಾ.ಕ. ಗುರುವಾರ, ಸಂಜೆ.

ಆ ಕೋಣೆಯ ಹೊರಗೆ, ಮೊಗಸಾಲೆಯ ಬೆಂಚಿನಲ್ಲಿ ನಾನು ಕೂತಿದ್ದೆ. ನೀನು ಬೇಗ ಹೊರಗೆ ಬಂದೆ. ಅಷ್ಟು ಬೇಗ ಬರಬಾರದಿತ್ತು. ನನ್ನ ಪಕ್ಕ ಕೂತು, ಕೈ ಹಿಡಿದುಕೊಂಡು, ಮೆತ್ತಗೆ, ಅಮ್ಮಾ, ನೀನೇನೂ ಹೆದರಬೇಡ ಅಂದೆ. ರಜೆ ಅಂದ್ರೆ ಏನು ಅಂತ ಕೇಳಿದ್ರು, ಕೆಲಸಕ್ಕೆ ಹೋಗದ ದಿನ ಅಂದೆ. ನಿಮ್ಮನೇಲಿ ಬೇರೆ ಏನಾದ್ರೂ ಅರ್ಥ ಇದ್ಯಾ ಅಂತ ತಿರುಗಿಸಿ ತಿರುಗಿಸಿ ಕೇಳಿದ್ರು, ಬೇರೆ ಏನಿರುತ್ತೆ ಅಂದೆ, ನಾನು ಏನೂ ಬಿಟ್ಟುಕೊಡಲಿಲ್ಲ ಅಂದೆ. ನಿನ್ನ ಹಿಂದೆ ಬಾಗಿಲಲ್ಲಿ ಡಾಕ್ಟರಮ್ಮ ನಿಂತಿದ್ದಳು. ನನ್ನ ಮುಖ ನೋಡಿದಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಈ ಕಾಗದವನ್ನು ನಿನಗೆ ಕೊಡಲು ಈಗ ಯಾವ ಅಡ್ಡಿಯೂ ಇಲ್ಲ.

ನಾನು ನಿನ್ನ ಕಿವಿ ನೋಡಿದೆ. ಒಂದಿಷ್ಟೂ ಕೆಂಪಾಗಿರಲಿಲ್ಲ. ನೀನು ನನ್ನ ಉತ್ತರಕ್ಕೆ ಕಾಯುತ್ತಾ, ಅದೇ ಕನ್ನಡಿಯ ಮುಂದೆ ನಿಂತ ಹಾಗೆ ನನ್ನನ್ನೇ ನೋಡುತ್ತಿದ್ದೆ. ಅಭ್ಯಾಸ ನೋಡು, ನಿನ್ನ ತಲೆ ಸವರಿ, ಜಾಣೆ ಅಂದೆ.